ಭಯ ಇಟ್ಟುಕೊಂಡೇ ದೇವರ ಕರೆಗೆ ಹೂಂ ಅನ್ನುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಭೆಯಲ್ಲಿ ಯುವಜನರ ಬೈಬಲ್ ಅಧ್ಯಯನ ನಡೆಸುವ ಕೆಲಸ ಬಹಳ ವರ್ಷಗಳಿಂದ ನನ್ನದು. ಕೂಟದಲ್ಲಿ ಎಲ್ಲರ ಎದುರು ಯಾರೂ ಭಯದ ಮಾತೆತ್ತುವುದಿಲ್ಲ. ಎಲ್ಲ ಮುಗಿದ ಮೇಲೆ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಾ ನಿಲ್ಲುತ್ತಾರೆ. ಆಮೇಲೆ ಮೆಲ್ಲಗೆ, "ಆಂಟಿ, ಒಂದು ಮಾತು ಕೇಳ್ಲಾ?" ಅನ್ನುತ್ತಾರೆ. ಹಾಗೆ ಬಾಗಿಲ ಬಳಿ ಬಂದ ಪ್ರಶ್ನೆಗಳು ಇವು. ನಾನು ದೇವಶಾಸ್ತ್ರದ ಕಾಲೇಜಿಗೆ ಹೋದವಳಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಓದಿದ್ದನ್ನು, ನಡೆದು ನೋಡಿದ್ದನ್ನು ಹೇಳುತ್ತೇನೆ.

ದೇವರೇ ಕರೆದಿದ್ದರೆ ಮನಸ್ಸಿಗೆ ಸಮಾಧಾನ ಇರಬೇಕಲ್ವಾ? ನನಗೆ ಭಯ ಆಗ್ತಿದೆ ಅಂದರೆ ಅದು ಕರೆಯೇ ಅಲ್ಲ ಅಂತಾನಾ?

ಅಲ್ಲ. ಬೈಬಲ್ ತೆರೆದು ನೋಡಿ. ದೇವರು ಕರೆದವರಲ್ಲಿ ಮೊದಲ ಗಳಿಗೆಗೇ ನಗುನಗುತ್ತಾ ಎದ್ದು ಹೊರಟವರು ಬಹಳ ಕಡಿಮೆ. ಮೋಶೆ ಮುಖ ಮುಚ್ಚಿಕೊಂಡ. ಯೆಶಾಯ "ನನ್ನ ಗತಿ ಮುಗಿಯಿತು" ಅಂದ. ಯೆರೆಮೀಯ "ನಾನಿನ್ನೂ ಚಿಕ್ಕವನು, ಮಾತಾಡೋಕೆ ಬರಲ್ಲ" ಅಂದ. ದೇವದೂತನ ಮಾತು ಕೇಳಿ ಮರಿಯಳು ಕಳವಳಪಟ್ಟಳು ಅಂತ ಲೂಕ ಬರೆಯುತ್ತಾನೆ.

ಸಮಾಧಾನ ಬರುತ್ತದೆ, ನಿಜ. ಆದರೆ ಅದು ಹೊರಡುವ ಮುಂಚೆಯೇ ಬರಬೇಕು ಅಂತ ಎಲ್ಲಿಯೂ ಬರೆದಿಲ್ಲ. ಎಷ್ಟೋ ಜನರಿಗೆ ಅದು ದಾರಿಯಲ್ಲಿ ಸಿಕ್ಕಿತು. ಭಯ ಪೂರ್ತಿ ಇಳಿಯಲಿ ಅಂತ ಕಾದು ಕೂತು, ಕಾದು ಕಾದು ವಯಸ್ಸಾದವರನ್ನು ನಾನು ಕಂಡಿದ್ದೇನೆ. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ನಾನು ದೇವರಿಗೆ ನೆಪ ಹೇಳ್ತಾನೇ ಇದ್ದೀನಿ. ದೇವರು ಸಿಟ್ಟಾಗಿರಬಹುದಾ?

ವಿಮೋಚನಕಾಂಡದ 3 ಮತ್ತು 4ನೇ ಅಧ್ಯಾಯಗಳನ್ನು ಒಂದೇ ಸಲ ಕೂತು ಓದಿ. ಐಗುಪ್ತದ ಗುಲಾಮಗಿರಿಯಿಂದ ಇಸ್ರಾಯೇಲ್ಯರನ್ನು ಬಿಡಿಸಿಕೊಂಡು ಬಾ ಅಂತ ದೇವರು ಕರೆದಾಗ ಮೋಶೆ ಐದು ಸಲ ಹಿಂದೇಟು ಹಾಕುತ್ತಾನೆ. ನಾನು ಎಷ್ಟರವನು? ನಿನ್ನ ಹೆಸರೇನು ಅಂತ ಕೇಳಿದರೆ ಏನು ಹೇಳಲಿ? ಅವರು ನಂಬದೇ ಹೋದರೆ? ನನ್ನ ನಾಲಿಗೆ ಹೊರಳಲ್ಲ. ಐದನೆಯದಾಗಿ, ಬೇರೆ ಯಾರನ್ನಾದರೂ ಕಳಿಸು.

ಮೊದಲ ನಾಲ್ಕಕ್ಕೂ ದೇವರು ತಾಳ್ಮೆಯಿಂದ ಉತ್ತರ ಕೊಟ್ಟರು. "ನಾನು ಎಷ್ಟರವನು" ಅನ್ನುವ ಪ್ರಶ್ನೆಗೆ ಕೊಟ್ಟ ಉತ್ತರ ಗಮನಿಸಿ. ನೀನು ಹೀಗೆ, ನಿನ್ನಲ್ಲಿ ಇಂಥ ಶಕ್ತಿ ಇದೆ ಅಂತ ಹೇಳಲಿಲ್ಲ. "ನಾನು ನಿನ್ನ ಸಂಗಡ ಇರುತ್ತೇನೆ" ಅಂದರು, ಅಷ್ಟೇ.

ಐದನೆಯದಕ್ಕೆ ಸಿಟ್ಟು ಬಂತು, ಅದೂ ಬರೆದಿದೆ. ಆದರೆ ಆ ಸಿಟ್ಟಿನಲ್ಲಿ ದೇವರು ಹೇಳಿದ್ದೇನು? ನಿನ್ನ ಅಣ್ಣ ಆರೋನ ಇದ್ದಾನಲ್ಲ, ಅವನು ಚೆನ್ನಾಗಿ ಮಾತಾಡುತ್ತಾನೆ, ನಿನ್ನನ್ನು ನೋಡೋಕೆ ಆಗಲೇ ಹೊರಟು ಬರುತ್ತಿದ್ದಾನೆ. ಮೋಶೆ ಇಲ್ಲಿ ವಾದ ಮಾಡುತ್ತಿದ್ದಾಗ ಅಲ್ಲಿ ಆರೋನ ನಡೆಯೋಕೆ ಶುರುಮಾಡಿದ್ದ! ಮುಂದೆ ಇಬ್ಬರೂ ದೇವರ ಬೆಟ್ಟದ ಹತ್ತಿರ ಭೇಟಿಯಾಗುತ್ತಾರೆ, ಆರೋನ ತಮ್ಮನಿಗೆ ಮುತ್ತಿಡುತ್ತಾನೆ. ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ ಮೋಶೆಗೆ 80 ವರ್ಷ, ಆರೋನನಿಗೆ 83. ಇಬ್ಬರು ಮುದುಕರು ಒಟ್ಟಿಗೆ ಹೋದರು.

ಭಯ ಹೋಗಲ್ಲ ಅಂದರೆ ಏನು ಮಾಡಬೇಕು? ಸುಮ್ನೆ ಹಲ್ಲುಕಚ್ಚಿ ಹೋಗಬೇಕಾ?

ಇದಕ್ಕೆ ನಾನು ಯಾವಾಗಲೂ, ಶತ್ರುಗಳಾದ ಮಿದ್ಯಾನ್ಯರಿಂದ ಇಸ್ರಾಯೇಲ್ಯರನ್ನು ಬಿಡಿಸೋಕೆ ದೇವರು ಕರೆದ ಗಿದ್ಯೋನನ ಕಥೆ ಹೇಳುತ್ತೇನೆ. ನ್ಯಾಯಸ್ಥಾಪಕರು 6 ಮತ್ತು 7. ಸಂಡೆ ಸ್ಕೂಲಿನಲ್ಲಿ ನಮಗೆ ಕಲಿಸಿದ್ದು ಮುನ್ನೂರು ಜನ, ಕೊಂಬು, ಮಡಿಕೆಯೊಳಗಿನ ಪಂಜು. ಮಧ್ಯದಲ್ಲಿ ಒಂದು ರಾತ್ರಿಯ ಕಥೆ ಇದೆ. ಅದನ್ನು ಯಾರೂ ಹೇಳುವುದಿಲ್ಲ.

ಗಿದ್ಯೋನ ಮೊದಲಿನಿಂದಲೂ ಹೆದರಿದವನೇ. ಮಿದ್ಯಾನ್ಯರ ಕಣ್ಣಿಗೆ ಬೀಳಬಾರದು ಅಂತ ದ್ರಾಕ್ಷಿ ತುಳಿಯುವ ಗುಂಡಿಯಲ್ಲಿ ಗೋಧಿ ಬಡಿಯುತ್ತಿದ್ದ. ಬಾಳ ಅನ್ನುವ ದೇವತೆಯ ಬಲಿಪೀಠ ಕೆಡವು ಅಂತ ದೇವರು ಹೇಳಿದಾಗ ಹತ್ತು ಆಳುಗಳನ್ನು ಕರೆದುಕೊಂಡು ರಾತ್ರಿ ಹೋಗಿ ಕೆಡವಿದ. ಮನೆಯವರಿಗೂ ಊರಿನವರಿಗೂ ಹೆದರಿ ಹಗಲು ಮಾಡಲಿಲ್ಲ ಅಂತ ಬೈಬಲ್ ನೇರವಾಗಿಯೇ ಹೇಳುತ್ತದೆ. ದೇವರು ಅದಕ್ಕೆ ಬೈಯಲಿಲ್ಲ. ರಾತ್ರಿ ಕೆಡವಿದರೂ ಬಲಿಪೀಠ ಬಿದ್ದಿತ್ತು.

ಯುದ್ಧಕ್ಕೆ ಮುಂಚೆ ಹೆದರಿದವರು ಮನೆಗೆ ಹೋಗಬಹುದು ಅಂತ ಅಪ್ಪಣೆ ಆಯಿತು. 22,000 ಜನ ಹೊರಟುಹೋದರು. ಉಳಿದವರು 10,000. ಅವರಲ್ಲೂ ಆರಿಸಿ ಉಳಿಸಿಕೊಂಡದ್ದು 300 ಜನರನ್ನು. ಅಂದರೆ ಈಗ ಉಳಿದವರೆಲ್ಲ ಧೈರ್ಯಶಾಲಿಗಳು, ಅಲ್ವಾ? ಅದೇ ರಾತ್ರಿ ದೇವರು ಗಿದ್ಯೋನನಿಗೆ ಹೇಳುತ್ತಾರೆ: ಎದ್ದು ಶತ್ರುಗಳ ಪಾಳೆಯಕ್ಕೆ ಇಳಿದುಹೋಗು. ಹೋಗೋಕೆ ಭಯವಾದರೆ ನಿನ್ನ ಆಳು ಪುರನನ್ನು ಜೊತೆಗೆ ಕರೆದುಕೊಂಡು ಹೋಗು.

ಇದನ್ನು ಮೊದಲ ಸಲ ಸರಿಯಾಗಿ ಓದಿದ ದಿನ ನನಗೆ ಕಣ್ಣೀರು ಬಂತು. ಹೆದರಿದವರನ್ನೆಲ್ಲ ಕಳಿಸಿದ ಮೇಲೂ ಸೇನಾಪತಿಯೇ ಹೆದರಿಕೊಂಡಿದ್ದಾನೆ, ದೇವರಿಗೆ ಅದು ಗೊತ್ತಿದೆ. ನಾಚಿಕೆ ಆಗಲ್ವಾ ಅಂತ ಕೇಳಲಿಲ್ಲ. ಇಷ್ಟು ಸೂಚನೆ ಕೊಟ್ಟೆ, ನೀನು ಕೇಳಿದ ಹಾಗೆ ಕುರಿಯ ತುಪ್ಪಟವನ್ನು ಒಂದು ಸಲ ಒದ್ದೆ ಮಾಡಿದೆ, ಒಂದು ಸಲ ಒಣಗಿಸಿದೆ, ಇನ್ನೇನು ಬೇಕು ಅಂತ ಲೆಕ್ಕ ತೆಗೆಯಲಿಲ್ಲ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗು ಅಂದರು. ಗಿದ್ಯೋನ ಆ ಮಾತನ್ನು ಹಾಗೇ ತೆಗೆದುಕೊಂಡ, ಪುರನನ್ನು ಕರೆದುಕೊಂಡೇ ಹೋದ. ಈ ಪುರ ಯಾರು, ಮುಂದೆ ಏನಾದ ಅಂತ ಬೈಬಲ್ ಹೇಳುವುದಿಲ್ಲ. ಕತ್ತಲಲ್ಲಿ ಒಡೆಯನ ಪಕ್ಕ ನಡೆದ. ನಮಗೆ ತಿಳಿದಿರುವುದು ಅಷ್ಟೇ.

ನನ್ನ ಸ್ವಂತ ಅನುಭವವನ್ನೂ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನೋಡಿಕೊಳ್ಳುವವರಿಲ್ಲದ ರೋಗಿಗಳ ಹತ್ತಿರ ವಾರಕ್ಕೊಂದು ದಿನ ಹೋಗಿ ಕೂರಬೇಕು ಅಂತ ಬಹಳ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ನನಗೆ ಆಸ್ಪತ್ರೆ ಅಂದರೇ ಆಗದು. ಅಮ್ಮ ಅಂಥದ್ದೇ ಒಂದು ವಾರ್ಡಿನಲ್ಲಿ ತೀರಿಕೊಂಡಿದ್ದರು. ಮೊದಲ ಬುಧವಾರ ಗೇಟಿನವರೆಗೆ ಹೋಗಿ ಫಿನೈಲ್ ವಾಸನೆ ಮೂಗಿಗೆ ಬಡಿದದ್ದೇ ಆಟೋ ಹತ್ತಿ ವಾಪಸ್ ಬಂದುಬಿಟ್ಟೆ. ನಮ್ಮ ಸಭೆಯ ಒಬ್ಬ ಅಜ್ಜಿಗೆ ಇದನ್ನು ಹೇಳಿಕೊಂಡು ಅತ್ತೆ. ಅವರು ಉಪದೇಶ ಮಾಡಲಿಲ್ಲ. "ಮುಂದಿನ ಬುಧವಾರ ನಾನೂ ಬರ್ತೀನಿ, ಗಂಜಿ ಮಾಡ್ಕೊಂಡು ಬರ್ತೀನಿ" ಅಂದರು. ಬಂದರು, ಕೈಯಲ್ಲಿ ದೊಡ್ಡ ಫ್ಲಾಸ್ಕ್. ವಾರ್ಡಿನ ಸಿಸ್ಟರ್ ಹತ್ತಿರ ಕೇಳಿಕೊಂಡು ಒಳಗೆ ಹೋದೆವು. ಅಜ್ಜಿ ಲೋಟಕ್ಕೆ ಸುರಿದರು, ನಾನು ಕುಡಿಸಿದೆ. ನನ್ನ ಕೈ ನಡುಗುತ್ತಿತ್ತು. ಕುಡಿಯುವವರ ಕೈಯೂ ನಡುಗುತ್ತಿತ್ತು. ಯಾರಿಗೂ ಅದು ಗೊತ್ತಾಗಲಿಲ್ಲ.

ಹಾಗಾಗಿ ನನ್ನ ಉತ್ತರ ಇದು. ಹಲ್ಲುಕಚ್ಚಿ ಒಬ್ಬರೇ ಹೋಗಬೇಡಿ. ನಿಮ್ಮ ಪುರ ಯಾರು ಅಂತ ಹುಡುಕಿ. ಯೇಸು ಸ್ವಾಮಿ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಇಬ್ಬಿಬ್ಬರನ್ನಾಗಿಯೇ ಕಳಿಸಿದರು. 1834ರಲ್ಲಿ ಬಾಸೆಲ್ ಮಿಷನ್‌ನಿಂದ ಮೊದಲು ಮಂಗಳೂರಿಗೆ ಬಂದಿಳಿದವರೂ ಒಬ್ಬರಲ್ಲ, ಮೂವರು: ಹೆಬಿಕ್, ಲೇನರ್, ಗ್ರೈನರ್.

"ಹೆದರಬೇಡ" ಅನ್ನೋದು ಆಜ್ಞೆ ಅಲ್ವಾ? ಹಾಗಾದರೆ ಹೆದರೋದು ಪಾಪ ತಾನೇ?

ಬೈಬಲಿನಲ್ಲಿ ಈ ಮಾತು 365 ಸಲ ಇದೆ, ದಿನಕ್ಕೊಂದು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಎಣಿಸಿದರೆ ಅಷ್ಟು ಸಿಗುವುದಿಲ್ಲ. ಅಷ್ಟು ಬೇಕಾಗಿಯೂ ಇಲ್ಲ. ಮಗು ಕತ್ತಲಲ್ಲಿ ಅಳುವಾಗ ಅಮ್ಮ "ಹೆದರಬೇಡ ಪುಟ್ಟ, ನಾನಿದ್ದೀನಿ" ಅನ್ನುತ್ತಾಳೆ. ಅದು ಆಜ್ಞೆಯಾ? ಬೈಬಲಿನಲ್ಲೂ "ಹೆದರಬೇಡ" ಬಂದ ಕಡೆ ಬಹಳ ಸಲ ಪಕ್ಕದಲ್ಲೇ "ನಾನು ನಿನ್ನ ಸಂಗಡ ಇದ್ದೇನೆ" ಅಂತಲೂ ಇರುತ್ತದೆ. ಆ ಎರಡನೇ ಅರ್ಧ ಬಿಟ್ಟು ಮೊದಲ ಅರ್ಧ ಮಾತ್ರ ಹೇಳಿ ಜನರನ್ನು ಗದರಿಸಬಾರದು.

ತಿಮೊಥೆಯನಿಗೆ ಪೌಲ ಬರೆದ ಎರಡನೇ ಪತ್ರದ 1:7, ದೇವರು ನಮಗೆ ಕೊಟ್ಟದ್ದು ಭಯದ ಆತ್ಮವಲ್ಲ ಅನ್ನುವ ಮಾತನ್ನು ತೋರಿಸುವವರಿದ್ದಾರೆ. ಅಲ್ಲಿರುವ ಗ್ರೀಕ್ ಮಾತು 'ದೈಲಿಯ', ಅಂದರೆ ಹೇಡಿತನ, ಹೆದರಿ ಕೈಬಿಟ್ಟು ಓಡುವುದು. ಸಾಮಾನ್ಯ ಭಯಕ್ಕೆ ಗ್ರೀಕಿನಲ್ಲಿ 'ಫೋಬೊಸ್' ಅನ್ನುತ್ತಾರೆ. ಅದೇ ಪೌಲ ಕೊರಿಂಥದವರಿಗೆ ಬರೆಯುವಾಗ, ನಾನು ನಿಮ್ಮ ಹತ್ತಿರ ಬಂದಾಗ ಬಲವಿಲ್ಲದೆ, ಭಯದಿಂದ, ಬಹಳ ನಡುಗುತ್ತಾ ಬಂದೆ ಅಂತ ಈ ಎರಡನೆಯ ಪದವನ್ನೇ ಬಳಸುತ್ತಾನೆ. ಬಂದೆ ಅನ್ನುತ್ತಾನೆ ನೋಡಿ.

ಅವನ ಇನ್ನೊಂದು ಮಾತು ನನಗೆ ಇನ್ನೂ ಹತ್ತಿರದ್ದು. 2 ಕೊರಿಂಥ 7ನೇ ಅಧ್ಯಾಯ. ಮಕೆದೋನ್ಯಕ್ಕೆ ಬಂದಾಗ ನಮಗೆ ಒಂದಿಷ್ಟೂ ನೆಮ್ಮದಿ ಇರಲಿಲ್ಲ, ಹೊರಗೆ ಜಗಳ, ಒಳಗೆ ಭಯ ಅನ್ನುತ್ತಾನೆ. ಮುಂದಿನ ವಾಕ್ಯದಲ್ಲೇ, ಆದರೆ ದೇವರು ತೀತನನ್ನು ನಮ್ಮ ಹತ್ತಿರ ಬರಮಾಡಿ ನಮ್ಮನ್ನು ಸಂತೈಸಿದರು ಅನ್ನುತ್ತಾನೆ. ದರ್ಶನವಲ್ಲ, ಆಕಾಶದ ಬೆಳಕಲ್ಲ. ಒಬ್ಬ ಗೆಳೆಯ ಬಂದ.

ಇನ್ನು, ಪರಿಪೂರ್ಣ ಪ್ರೀತಿ ಭಯವನ್ನು ಓಡಿಸುತ್ತದೆ ಅನ್ನುವ 1 ಯೋಹಾನ 4:18. ಅಲ್ಲಿನ ಭಯ ನ್ಯಾಯತೀರ್ಪಿನ ದಿನದ ಶಿಕ್ಷೆಯ ಭಯ. ವೇದಿಕೆ ಹತ್ತುವಾಗ ಮೊಣಕಾಲು ನಡುಗುವುದರ ಮಾತಲ್ಲ.

ಕರೆ ದೇವರದ್ದಾ, ನನ್ನ ಆಸೆಯಾ, ಇನ್ನೊಬ್ಬರ ಒತ್ತಾಯವಾ ಅಂತ ಹೇಗೆ ತಿಳಿಯೋದು?

ಬಾಲಕ ಸಮುವೇಲನಿಗೂ ಮೊದಲು ತಿಳಿಯಲಿಲ್ಲ. ರಾತ್ರಿ ದೇವರು ಕರೆದಾಗ ಯಾಜಕ ಏಲಿ ಕರೆದ ಅಂದುಕೊಂಡು ಮೂರು ಸಲ ಎದ್ದು ಅವನ ಹತ್ತಿರ ಓಡಿದ. ಏಲಿ ಇಲ್ಲಿ ಮಾಡಿದ್ದನ್ನು ಎಲ್ಲ ಸಭಾಪಾಲಕರೂ, ನನ್ನಂಥ ಹಿರಿಯರೂ ಕಲಿಯಬೇಕು. "ದೇವರು ನಿನಗೆ ಹೀಗೆ ಹೇಳುತ್ತಾರೆ" ಅಂತ ಅವನು ಹುಡುಗನ ಕಿವಿಗೆ ತನ್ನ ಮಾತು ತುಂಬಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ "ಅಪ್ಪಣೆಯಾಗಲಿ, ಕೇಳುತ್ತಿದ್ದೇನೆ" ಅನ್ನು ಅಂದ. ಕೇಳುವುದನ್ನು ಕಲಿಸಿದ, ಅಷ್ಟೇ. ಬಂದ ಮಾತು ಏಲಿಯ ಮನೆತನದ ವಿರುದ್ಧವೇ ಇತ್ತು. ಸಮುವೇಲ ಅದನ್ನು ಹೇಳೋಕೆ ಹೆದರಿದ, ಬೆಳಗಿನವರೆಗೆ ಮಲಗೇ ಇದ್ದ. ಆದರೂ ಹೇಳಿದ.

ಹಾಗಾಗಿ ಯಾರಾದರೂ ನಿಮ್ಮ ಬಳಿ ಬಂದು, ನಿನ್ನ ಬಗ್ಗೆ ನನಗೆ ಪ್ರವಾದನೆ ಬಂದಿದೆ, ಕೆಲಸ ಬಿಡು, ಇಷ್ಟು ಹಣ ಕೊಡು, ಇಂಥವರನ್ನು ಮದುವೆಯಾಗು, ಇಲ್ಲದಿದ್ದರೆ ಶಾಪ ಬರುತ್ತದೆ ಅಂದರೆ ದಯವಿಟ್ಟು ಎದ್ದು ಬನ್ನಿ. ಆಗ ನಿಮ್ಮೊಳಗೆ ಹುಟ್ಟುವ ಹಿಂಜರಿಕೆ ಅಪನಂಬಿಕೆ ಅಲ್ಲ, ಎಚ್ಚರಿಕೆ. ದೇವರ ಕರೆಯಲ್ಲಿ ಬೆದರಿಕೆಯೂ ಇರಲ್ಲ, "ಯಾರಿಗೂ ಹೇಳಬೇಡ" ಅನ್ನುವ ಗುಟ್ಟೂ ಇರಲ್ಲ. ಈ ಒಂದು ಸಂಗತಿಯಲ್ಲಿ ನಾನು ಬಹಳ ಕಟ್ಟುನಿಟ್ಟು, ಏಕೆಂದರೆ ನೊಂದು ಬಂದ ಮಕ್ಕಳನ್ನು ಸಮಾಧಾನ ಮಾಡಿದ್ದೇನೆ.

ಉಳಿದಂತೆ ನಾನು ನೋಡುವುದು ಇಷ್ಟು. ಆ ಯೋಚನೆ ತಿಂಗಳಾದರೂ ಬಿಡದೆ ಬರುತ್ತಿದೆಯಾ? ಅದರಿಂದ ಇನ್ನೊಬ್ಬರಿಗೆ ಒಳ್ಳೆಯದಾಗುತ್ತದಾ? ನಿಮ್ಮನ್ನು ಚೆನ್ನಾಗಿ ಬಲ್ಲ, ನಿಮಗೆ ಬೇಡ ಅನ್ನೋಕೂ ಧೈರ್ಯ ಇರುವ ಒಬ್ಬರು ಏನು ಹೇಳುತ್ತಾರೆ? ಬೋಧಕರಾಗುವ ಕರೆ ಅಂದರೆ ಸಭೆಯೂ ಪರೀಕ್ಷೆ ಮಾಡಿ ಒಪ್ಪಬೇಕು. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೋ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿಗೋ ಹೋಗಿ ವರ್ಷಗಟ್ಟಲೆ ಓದಬೇಕು. ಆ ನಿಧಾನ ಒಳ್ಳೆಯದೇ.

ಕರೆ ಅನ್ನೋದು ಪಾಸ್ಟರ್‌ಗಳಿಗೆ, ಮಿಷನರಿಗಳಿಗೆ ಮಾತ್ರ ಅಲ್ವಾ?

ಅಲ್ಲ. ಕಿಟೆಲ್ ಅವರನ್ನು ಕನ್ನಡಿಗರೆಲ್ಲ ಯಾಕೆ ನೆನೆಯುತ್ತೇವೆ? ಅವರು ಮಾಡಿದ ಪ್ರಸಂಗಕ್ಕಲ್ಲ. 1853ರಲ್ಲಿ ಇಲ್ಲಿಗೆ ಬಂದವರು, ಅವರ ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ. ಪದ ಹುಡುಕುವುದು, ಅರ್ಥ ಬರೆಯುವುದು. ಅದೂ ಕರೆಯೇ ಅಂತ ನಾನು ನಂಬುತ್ತೇನೆ.

ಇನ್ನೂ ಸಣ್ಣದಾಗಿ ಕಾಣುವ ಕರೆಗಳಿವೆ. ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ಅಣ್ಣನ ಮನೆಗೆ ಮೊದಲು ಫೋನ್ ಮಾಡುವುದು. ಆಫೀಸಿನಲ್ಲಿ ಸುಳ್ಳು ಬಿಲ್ಲಿಗೆ ಸಹಿ ಹಾಕಲ್ಲ ಅನ್ನುವುದು. ಇವಕ್ಕೂ ಎದೆ ಹೊಡೆದುಕೊಳ್ಳುತ್ತದೆ. ದೂರದ ಊರಿಗೆ ಸೇವೆಗೆ ಹೋಗುವುದಕ್ಕಿಂತ ಆ ಒಂದು ಫೋನ್ ಕಷ್ಟ ಅನ್ನುವವರೂ ಇದ್ದಾರೆ.

ನಾನು ಒಂದು ಸಲ "ಆಗಲ್ಲ" ಅಂದುಬಿಟ್ಟೆ. ದೇವರು ಮತ್ತೆ ಕರೀತಾರಾ?

ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಗೊತ್ತಲ್ಲ? ಕರ್ನಾಟಕದಿಂದಲೂ ಎಷ್ಟೊಂದು ಜನ ರಾತ್ರಿ ರೈಲು, ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾರೆ. ಅದನ್ನು ಕಟ್ಟಿದ ಐಡಾ ಸ್ಕಡರ್ ಮೊದಲು "ಆಗಲ್ಲ" ಅಂದವರೇ.

ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ಅಜ್ಜ ಮಿಷನರಿ ವೈದ್ಯ, ಅಪ್ಪನೂ ಮಿಷನರಿ ವೈದ್ಯ. ಬರಗಾಲದಲ್ಲಿ ಹಸಿದು ಬಂದ ಮಕ್ಕಳನ್ನು ಚಿಕ್ಕಂದಿನಲ್ಲೇ ಕಂಡಿದ್ದರು. ಆ ಬದುಕು ತನಗೆ ಬೇಡ, ಅಮೆರಿಕದಲ್ಲಿ ಓದಿ ಅಲ್ಲೇ ನೆಲೆಸಬೇಕು ಅಂದುಕೊಂಡಿದ್ದರು. ಅಮ್ಮನಿಗೆ ಹುಷಾರಿಲ್ಲ ಅಂತ ಸ್ವಲ್ಪ ಕಾಲಕ್ಕೆ ಅಂದುಕೊಂಡು ತಿಂಡಿವನಕ್ಕೆ ಬಂದರು. ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೆ ಒಬ್ಬರು ಬಾಗಿಲಿಗೆ ಬಂದರು. ಒಬ್ಬರು ಬ್ರಾಹ್ಮಣರು, ಒಬ್ಬರು ಮುಸ್ಲಿಮರು, ಇನ್ನೊಬ್ಬರು ಬೇರೆ ಜಾತಿಯ ಹಿಂದೂ. ಮೂವರ ಹೆಂಡತಿಯರೂ ಹೆರಿಗೆ ಆಗದೆ ಒದ್ದಾಡುತ್ತಿದ್ದರು. ನನ್ನ ಅಪ್ಪ ಡಾಕ್ಟರು, ಅವರನ್ನು ಕರೆದುಕೊಂಡು ಹೋಗಿ ಅಂದರು ಐಡಾ. ಪರ ಗಂಡಸು ನೋಡುವ ಹಾಗಿಲ್ಲ, ನೀವೇ ಬನ್ನಿ ಅಂದರು ಅವರು. ಐಡಾಗೆ ವೈದ್ಯಕೀಯ ಗೊತ್ತಿಲ್ಲ. ಬೆಳಗಾಗುವಷ್ಟರಲ್ಲಿ ಮೂರು ಹೆಣ್ಣುಮಕ್ಕಳೂ ತೀರಿಕೊಂಡಿದ್ದರು.

ಮೂರು ಬಾಗಿಲು ತಟ್ಟಿದ ಸದ್ದಿನಲ್ಲಿ ಅವರಿಗೆ ದೇವರ ಕರೆ ಕೇಳಿಸಿತು. ವಾಪಸ್ ಹೋಗಿ ಕಾರ್ನೆಲ್‌ನಲ್ಲಿ ವೈದ್ಯಕೀಯ ಓದಿ 1899ರಲ್ಲಿ ಮುಗಿಸಿದರು. 1900ರಲ್ಲಿ ವೆಲ್ಲೂರಿಗೆ ಬಂದು ಒಂದೇ ಹಾಸಿಗೆಯ ದವಾಖಾನೆ ತೆರೆದರು. ಯಾರ ಕೈಕೆಳಗೆ ಕಲಿಯಬೇಕು ಅಂದುಕೊಂಡಿದ್ದರೋ ಆ ಅಪ್ಪ ಅದೇ ವರ್ಷ ತೀರಿಕೊಂಡರು. ಆಗ ಅವರ ಭಯ ಎಷ್ಟಿತ್ತೋ! ಆದರೆ ಅಮೆರಿಕದಿಂದ ಜೊತೆಗೆ ಬಂದ ಗೆಳತಿ ಆ್ಯನಿ ಹ್ಯಾನ್‌ಕಾಕ್ ಇದ್ದರು. 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ. ಐಡಾ 1960ರವರೆಗೆ ಬದುಕಿದ್ದರು.

"ಆಗಲ್ಲ" ಅಂದದ್ದಕ್ಕೆ ದೇವರು ಬಾಗಿಲು ಮುಚ್ಚಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಹೆಣ್ಣುಮಕ್ಕಳಿಗೂ ಕರೆ ಇರುತ್ತಾ? ಮನೆಯಲ್ಲಿ "ನಿನಗ್ಯಾಕೆ ಇದೆಲ್ಲ" ಅಂತಾರೆ.

ಇರುತ್ತದೆ. ಪಂಡಿತೆ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೇ. ಬರಗಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡವರು. ಹಸಿವು ಅಂದರೆ ಏನು ಅಂತ ಅವರಿಗೆ ಮೈಗೇ ಗೊತ್ತಿತ್ತು. ಮುಂದೆ 1896-97ರ ಬರಗಾಲದಲ್ಲಿ ಮಧ್ಯಭಾರತಕ್ಕೆ ತಾವೇ ಹೋಗಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ನೆಲೆ ಕೊಟ್ಟರು. ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) 2013ರಲ್ಲಿ ಪುಷ್ಪಲಲಿತಾ ಅವರು ಮೊದಲ ಮಹಿಳಾ ಬಿಷಪ್ ಆದರು. "ನಿನಗ್ಯಾಕೆ" ಅನ್ನುವವರಿಗೆ ಈ ಎರಡು ಹೆಸರು ಹೇಳಿ.

ಮಗಳು ಸೇವೆಗೆ ಹೋಗ್ತೀನಿ ಅಂತಾಳೆ. ಭಯ ಅವಳಿಗಲ್ಲ, ನನಗೆ. ಏನು ಮಾಡಲಿ?

ಇದನ್ನು ಕೇಳಿದ ಅಮ್ಮನ ಕೈ ಹಿಡಿದುಕೊಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೋಶೆಯ ತಾಯಿಯನ್ನು ನೆನೆಯಿರಿ. ಹುಟ್ಟಿದ ಗಂಡುಮಕ್ಕಳನ್ನು ಅರಸ ಕೊಲ್ಲಿಸುತ್ತಿದ್ದ ಕಾಲ ಅದು. ಬುಟ್ಟಿಗೆ ರಾಳ ಮೆತ್ತಿ, ಮಗುವನ್ನು ಮಲಗಿಸಿ ನದಿಯ ದಡದ ಜಂಬುಹುಲ್ಲಿನಲ್ಲಿ ಇಟ್ಟಳು. ನಂಬಿಕೆ ಇತ್ತು, ಬುಟ್ಟಿಗೆ ನೀರು ನುಗ್ಗದಂತೆ ರಾಳವನ್ನೂ ಮೆತ್ತಿದಳು. ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಳು.

ನೀವೂ ರಾಳ ಮೆತ್ತಿ. ಎಲ್ಲಿ ಉಳಿದುಕೊಳ್ಳುತ್ತಾಳೆ, ಜೊತೆಗೆ ಯಾರಿರುತ್ತಾರೆ, ಸಂಸ್ಥೆ ನೋಂದಣಿಯಾಗಿದೆಯಾ, ಖರ್ಚಿಗೆ ಏನು, ಹುಷಾರು ತಪ್ಪಿದರೆ ಯಾರು ನೋಡಿಕೊಳ್ಳುತ್ತಾರೆ ಅಂತೆಲ್ಲ ಕೇಳಿ. ಕೇಳಿದರೆ ನಂಬಿಕೆ ಇಲ್ಲ ಅಂತಲ್ಲ. ಸಾಧ್ಯವಾದರೆ ಒಂದು ಸಲ ಹೋಗಿ ಆ ಜಾಗ ನೋಡಿಕೊಂಡು ಬನ್ನಿ. ಮಕ್ಕಳೇ, ನಿಮಗೂ ಒಂದು ಮಾತು. ಅಪ್ಪ ಅಮ್ಮನ ಪ್ರಶ್ನೆಗಳಿಗೆ "ದೇವರು ನೋಡ್ಕೊಳ್ತಾರೆ" ಅಂತ ಒಂದೇ ಮಾತಲ್ಲಿ ಬಾಯಿ ಮುಚ್ಚಿಸಬೇಡಿ.

ನಿಜವಾಗಿಯೂ ಅಪಾಯ ಇದ್ದರೆ? ಹುಷಾರಾಗಿರೋದು ಅಪನಂಬಿಕೆನಾ?

ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯ ನೋಡಿ. ದಮಸ್ಕದ ಅನನೀಯ ಅನ್ನುವ ಶಿಷ್ಯನಿಗೆ ದೇವರು ಸೌಲನ (ಮುಂದೆ ಪೌಲ ಆದವನು ಇವನೇ) ಹತ್ತಿರ ಹೋಗು ಅಂದಾಗ ಅವನು, ಈ ಮನುಷ್ಯ ಎಷ್ಟು ಕೇಡು ಮಾಡಿದ್ದಾನೆ ಅಂತ ಬಹಳ ಜನರಿಂದ ಕೇಳಿದ್ದೇನೆ ಅಂದ. ಅವನ ಭಯ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಸೌಲ ಬಂಧಿಸುವ ಅಧಿಕಾರ ತೆಗೆದುಕೊಂಡೇ ಊರಿಗೆ ಬಂದಿದ್ದ. ದೇವರು ಆ ಮಾತನ್ನು ಸುಳ್ಳು ಅನ್ನಲಿಲ್ಲ, ಅನನೀಯನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಹೇಳಿದರು: ಅವನನ್ನು ನಾನು ಆರಿಸಿಕೊಂಡಿದ್ದೇನೆ. ಅನನೀಯ ಹೋಗಿ, ಅವನ ಮೇಲೆ ಕೈಯಿಟ್ಟು ಮೊದಲು ಹೇಳಿದ್ದು "ಸಹೋದರನಾದ ಸೌಲನೇ" ಅಂತ. ಎಂಥ ಮಾತು!

ಅದೇ ಅಧ್ಯಾಯದಲ್ಲಿ ಸೌಲನನ್ನೇ ಕೊಲ್ಲೋಕೆ ಹೊಂಚು ಹಾಕುತ್ತಾರೆ. ಅವನು ಎದೆ ಸೆಟೆದು ಊರಬಾಗಿಲಿಗೆ ಹೋಗಲಿಲ್ಲ. ರಾತ್ರಿ ಶಿಷ್ಯರು ಅವನನ್ನು ಬುಟ್ಟಿಯಲ್ಲಿ ಕೂರಿಸಿ ಗೋಡೆಯ ಮೇಲಿಂದ ಇಳಿಸಿದರು. ಬುಟ್ಟಿ ಹಿಡಿದು ಇಳಿಸೋಕೆ ಜನ ಇದ್ದರು. ಹೋಗಬೇಕಾದಾಗ ಹೋಗುವುದು, ತಪ್ಪಿಸಿಕೊಳ್ಳಬೇಕಾದಾಗ ತಪ್ಪಿಸಿಕೊಳ್ಳುವುದು. ಎರಡೂ ವಿಧೇಯತೆಯೇ.

ಯೋನ ಹೆದರಿ ಓಡಿಹೋದ. ಅವನಿಗೆ ಮೀನಿನ ಹೊಟ್ಟೆಯ ಗತಿ ಬಂತಲ್ಲ?

ನಿನೆವೆ ಪಟ್ಟಣಕ್ಕೆ ಹೋಗು ಅಂತ ದೇವರು ಹೇಳಿದಾಗ ಯೋನ ಓಡಿದ್ದು ಹೆದರಿ ಅಂತ ನಾವು ಅಂದುಕೊಂಡಿದ್ದೇವೆ. ಅವನೇ 4:2ರಲ್ಲಿ ಕಾರಣ ಹೇಳುತ್ತಾನೆ: ನೀನು ಕರುಣೆಯುಳ್ಳ ದೇವರು, ಈ ನಿನೆವೆಯವರನ್ನು ಕ್ಷಮಿಸಿಬಿಡುತ್ತೀ ಅಂತ ಗೊತ್ತಿತ್ತು, ಅದಕ್ಕೇ ಓಡಿದೆ. ಅದು ಭಯವಲ್ಲ, ಸಿಟ್ಟು. ನಿಮ್ಮದು ಯಾವುದು ಅಂತ ನೋಡಿಕೊಳ್ಳಿ.

ನನಗೆ ಭಯದಿಂದ ನಿದ್ದೆಯೇ ಬರಲ್ಲ. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಬೇಕಾ?

ಪ್ರಾರ್ಥನೆ ಮಾಡಿ, ಡಾಕ್ಟರ ಹತ್ತಿರವೂ ಹೋಗಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕಾರಣವಿಲ್ಲದೆ ಎದೆ ಬಿಗಿಯುತ್ತದೆ ಅಂದರೆ ಅದು ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಎಲೀಯ ಪ್ರಾಣಭಯದಿಂದ ಓಡಿ, ಮರದ ಕೆಳಗೆ ಬಿದ್ದು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂದಾಗ ದೇವರು ಮೊದಲು ಕಳಿಸಿದ್ದು ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದ, ಮಲಗಿದ. ಮತ್ತೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದರು. ಕೆಲಸದ ಮಾತು ಬಂದದ್ದು ಬಹಳ ದಿನದ ಮೇಲೆ. ಆಗಲೂ ಎಲೀಷ ಅನ್ನುವ ಜೊತೆಗಾರನ ಹೆಸರು ಹೇಳಿಯೇ ಕಳಿಸಿದರು.

ನನಗೆ ಜೊತೆಗೆ ಯಾರೂ ಇಲ್ಲ. ಕೇಳಿದೆ, ಯಾರೂ ಬರಲಿಲ್ಲ.

ಈ ಪ್ರಶ್ನೆಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ.

ಗೆತ್ಸೆಮನೆಯಲ್ಲಿ ಯೇಸು ಸ್ವಾಮಿಯೂ ಜೊತೆ ಕೇಳಿದರು. ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ, ಇಲ್ಲೇ ಇದ್ದು ನನ್ನ ಸಂಗಡ ಎಚ್ಚರವಾಗಿರಿ ಅಂದರು. ಮೂವರು ಆಪ್ತರು. ಮೂವರೂ ನಿದ್ದೆ ಹೋದರು. ಬಂದು ಎಬ್ಬಿಸಿದರು, ಮತ್ತೆ ನಿದ್ದೆ ಹೋದರು. ಈ ಪಾತ್ರೆಯನ್ನು ನನ್ನಿಂದ ತೆಗೆ ಅಂತ ಬೇಡಿಕೊಂಡದ್ದು ಹಾಗೆ ಒಬ್ಬರೇ ಉಳಿದಾಗ. ಒಬ್ಬ ದೇವದೂತ ಬಂದು ಬಲಪಡಿಸಿದ ಅಂತ ಲೂಕ ಬರೆಯುತ್ತಾನೆ. ಬಲ ಬಂದ ಮೇಲೂ ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳುತ್ತಿತ್ತು.

ಯಾರೂ ಬರದೇ ಇರುವ ರಾತ್ರಿ ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಆ ರಾತ್ರಿಯಲ್ಲಿ ಕೂತವರ ಪಕ್ಕ ಕೂರೋಕೆ ಅವರಿಗೆ ಬರುತ್ತದೆ. ನನಗೆ ಇದು ನಂಬಿಕೆಯ ಮಾತು, ಅನುಭವದ ಮಾತು ಕೂಡ. ಹಾಗಂತ ಮನುಷ್ಯರನ್ನು ಕೇಳುವುದನ್ನು ನಿಲ್ಲಿಸಬೇಡಿ. ಇನ್ನೊಬ್ಬರನ್ನು ಕೇಳಿ. ತನ್ನ ಜನರಾದ ಯೆಹೂದ್ಯರನ್ನು ಉಳಿಸೋಕೆ ರಾಣಿ ಎಸ್ತೇರಳು ಅರಸನ ಮುಂದೆ ಒಬ್ಬಳೇ ಹೋಗಬೇಕಿತ್ತು. ಒಳಗೆ ಯಾರೂ ಅವಳ ಜೊತೆ ಬರುವ ಹಾಗಿರಲಿಲ್ಲ. ಆದರೆ ಮೂರು ದಿನ ಊರಿನ ಯೆಹೂದ್ಯರೆಲ್ಲ ನನಗಾಗಿ ಉಪವಾಸ ಇರಿ ಅಂತ ಹೇಳಿಕಳಿಸಿದಳು. ಹಾಗೆ ದೂರದಿಂದ ಜೊತೆ ಕೊಡುವವರೂ ಇರುತ್ತಾರೆ.

ಹೋದೆ, ಆದರೆ ಅರ್ಧಕ್ಕೆ ಬಿಟ್ಟು ಬಂದೆ. ಈಗ ಸಭೆಗೆ ಮುಖ ತೋರಿಸೋಕೂ ನಾಚಿಕೆ.

ಮಾರ್ಕ ಅನ್ನುವ ಯೋಹಾನನೂ ಹೀಗೇ ಮಾಡಿದ. ಪೌಲ, ಬಾರ್ನಬರ ಜೊತೆ ಹೊರಟವನು ಪೆರ್ಗೆಯಿಂದ ಯೆರೂಸಲೇಮಿಗೆ ವಾಪಸ್ ಹೋದ. ಯಾಕೆ ಅಂತ ಬರೆದಿಲ್ಲ. ಮುಂದಿನ ಸಲ ಬಾರ್ನಬ ಅವನನ್ನು ಕರೆದುಕೊಂಡು ಹೋಗೋಣ ಅಂದಾಗ ಪೌಲ ಒಪ್ಪಲಿಲ್ಲ. ಆ ವಿಷಯಕ್ಕೆ ಇಬ್ಬರೂ ಜಗಳವಾಡಿ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಹಡಗು ಹತ್ತಿ ಸೈಪ್ರಸ್‌ಗೆ ಹೋದ. ವರ್ಷಗಳಾದ ಮೇಲೆ ಸೆರೆಮನೆಯಿಂದ ಬರೆದ ಪತ್ರದಲ್ಲಿ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಅನ್ನುತ್ತಾನೆ.

ನಾಚಿಕೆ ಪಡಬೇಡಿ, ಭಾನುವಾರ ಬನ್ನಿ. ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತ್ಕೊಳ್ಳಿ.

ಆಂಟಿ, ನಿಮಗೆ ಈಗ ಭಯ ಆಗಲ್ವಾ?

ಆಗುತ್ತದೆ. ಪ್ರತಿ ಬುಧವಾರ ಗೇಟಿನ ಹತ್ತಿರ ಒಂದು ನಿಮಿಷ ನಿಲ್ಲುತ್ತೇನೆ. ಗಂಜಿ ತರುತ್ತಿದ್ದ ಅಜ್ಜಿ ಈಗಿಲ್ಲ, ಫ್ಲಾಸ್ಕ್ ನನ್ನ ಹತ್ತಿರ ಇದೆ. ಈಚೆಗೆ ನಮ್ಮ ಕೂಟದ ಒಬ್ಬ ಹುಡುಗಿ ನಾನೂ ಬರ್ತೀನಿ ಅಂದಳು. ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. "ಆಂಟಿ, ನೀವು ಮುಂದೆ ನಡೀರಿ" ಅಂದಳು. ಬೇಡ, ಒಟ್ಟಿಗೆ ಹೋಗೋಣ ಅಂದೆ. ಅವಳ ಕೈಗೆ ಫ್ಲಾಸ್ಕ್ ಕೊಟ್ಟು ಲೋಟಗಳನ್ನು ನಾನು ಹಿಡಿದುಕೊಂಡೆ.